ಕಾಯವನ್ನು ಕೂಡಿಸಿ ನಿಲ್ಲಿಸುವ ಎಳೆಗಳು

ಶರಣರು ಕಾಯವನ್ನು ಹೀನವೆಂದು ಬಗೆದವರಲ್ಲ. ಕಾಯಕವೆಂಬ ಪದದೊಳಗೇ ಕಾಯವಿದೆ. ದುಡಿಯುವ ಕೈ, ದಾಸೋಹಕ್ಕೆ ನಿಲ್ಲುವ ಕಾಲು, ಇಷ್ಟಲಿಂಗವನ್ನು ಧರಿಸುವ ಅಂಗೈ ಇವೆಲ್ಲ ಸಾಧನೆಯ ಉಪಕರಣಗಳೇ. ಆದರೂ ಆರೋಗ್ಯವೆಂದೊಡನೆ ನಮ್ಮ ಗಮನ ಹೃದಯ, ಮಿದುಳು, ಮೂತ್ರಪಿಂಡಗಳಂತಹ ಹೆಸರಾಂತ ಅವಯವಗಳ ಕಡೆಗೇ ಹರಿಯುತ್ತದೆ. ಅವುಗಳನ್ನು ತಮ್ಮ ತಮ್ಮ ಸ್ಥಾನದಲ್ಲಿ ಹಿಡಿದಿಟ್ಟು, ಒಂದಕ್ಕೊಂದು ಜೋಡಿಸಿ, ನಡುವಿನ ತೆರವನ್ನು ತುಂಬಿ ನಿಂತಿರುವ ಸಂಯೋಜಕ ಅಂಗಾಂಶಗಳನ್ನು ಕುರಿತು ವಿಚಾರಿಸಿದವರು ವಿರಳ. ನೋವು ಬಂದಾಗ ಮಾತ್ರ ಅವು ನೆನಪಾಗುತ್ತವೆ. ಆಗಲೂ ಅವುಗಳ ಹೆಸರನ್ನು ಹೇಳುವುದಿಲ್ಲ. ಮೊಣಕಾಲು ಹಿಡಿದಿದೆ, ಭುಜ ಮೇಲೇಳದು, ಹಿಮ್ಮಡಿ ಊರಲಾಗದು ಎಂದಷ್ಟೇ ಹೇಳುತ್ತೇವೆ.

ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಹಿರಿಯ ತಾಯಂದಿರಿಂದ ಪದೇ ಪದೇ ಕೇಳಿಬರುವ ಮಾತೊಂದಿದೆ: "ಮೊಣಕಾಲು ಸವದಾವಂತ್ರೀ, ಇನ್ನ ಭಾಳ ಅಡ್ಡಾಡಬಾರದಂತ." ಈ ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಉಳಿದರ್ಧ ನಿಜವಲ್ಲ, ಮತ್ತು ಅದನ್ನು ನಂಬಿ ನಡೆದರೆ ಆಗುವ ಹಾನಿ ದೊಡ್ಡದು. ಕೀಲನ್ನು ಬಂಡಿಯ ಗಾಲಿಯಂತೆ ಉರುಳಿದಷ್ಟೂ ಸವೆಯುವ ಜಡವಸ್ತುವೆಂದು ಭಾವಿಸಿರುವುದರಿಂದ ಹುಟ್ಟಿದ ತಪ್ಪು ಇದು. ಕೀಲನ್ನು ಕಟ್ಟಿರುವ ಅಂಗಾಂಶಗಳು ಜಡವಲ್ಲ, ಜೀವಂತ. ಅವು ಉಣ್ಣುತ್ತವೆ, ದುರಸ್ತಿಯಾಗುತ್ತವೆ, ಬಳಕೆಗೆ ತಕ್ಕಂತೆ ಬಲಿಯುತ್ತವೆ, ಬಳಸದಿದ್ದರೆ ಸೊರಗುತ್ತವೆ. ಇದನ್ನು ತುಸು ವಿವರವಾಗಿ ತಿಳಿಯುವುದು ಒಳಿತು.

ಹೊಲದ ನಡುವಿನ ಮನೆಗಳು

ನಮ್ಮ ದೇಹದ ಅಂಗಾಂಶಗಳನ್ನು ನಾಲ್ಕು ಮೂಲಬಗೆಗಳಾಗಿ ವಿಂಗಡಿಸುವುದು ವಾಡಿಕೆ: ಹೊದಿಕೆಯಾಗಿರುವ ಅನುಲೇಪಕ, ಚಲನೆಯ ಸ್ನಾಯು, ಸಂದೇಶ ಸಾಗಿಸುವ ನರ, ಹಾಗೂ ಇವೆಲ್ಲವನ್ನೂ ಜೋಡಿಸುವ ಸಂಯೋಜಕ. ಮೊದಲ ಬಗೆಗಳಲ್ಲಿ ಜೀವಕೋಶಗಳು ಊರೊಳಗಿನ ಮನೆಗಳಂತೆ ಗೋಡೆಗೆ ಗೋಡೆ ತಾಗಿಸಿಕೊಂಡಿರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಹಾಗಲ್ಲ. ಅಲ್ಲಿ ಜೀವಕೋಶಗಳು ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಕಟ್ಟಿದ ತೋಟದ ಮನೆಗಳಂತೆ ವಿರಳ. ಮನೆಗಳ ನಡುವಿನ ಹೊಲವೇ ಮುಖ್ಯ. ಆ ಹೊಲಕ್ಕೆ ಮಾತೃಕೆ ಎಂದು ಹೆಸರು. ಜೀವಕೋಶಗಳೇ ಅದನ್ನು ಸ್ರವಿಸಿ, ಕಾದು, ಹಳತನ್ನು ತೆಗೆದು ಹೊಸತನ್ನು ತುಂಬುತ್ತಿರುತ್ತವೆ.

ಮಾತೃಕೆ ನೀರಿನಂತಿದ್ದರೆ ಅದು ರಕ್ತ. ಲೋಳೆಯಂತಿದ್ದರೆ ಚರ್ಮದಡಿಯ ಸಡಿಲ ಅಂಗಾಂಶ. ಹಗ್ಗದಂತೆ ಹೊಸೆದಿದ್ದರೆ ಸ್ನಾಯುರಜ್ಜು ಮತ್ತು ಅಸ್ಥಿರಜ್ಜು. ರಬ್ಬರಿನಂತೆ ಮಣಿಯುವಂತಿದ್ದರೆ ಮೃದ್ವಸ್ಥಿ. ಸುಣ್ಣ ಕೂಡಿ ಕಲ್ಲಾಗಿದ್ದರೆ ಮೂಳೆ. ರಕ್ತಕ್ಕೂ ಮೂಳೆಗೂ ಒಂದೇ ಕುಲವೆಂದರೆ ಮೊದಲು ಕೇಳಿದವರಿಗೆ ಅಚ್ಚರಿಯಾಗಬಹುದು; ಗರ್ಭದಲ್ಲಿ ಭ್ರೂಣದ ನಡುಪದರದಿಂದಲೇ ಎರಡೂ ರೂಪುಗೊಳ್ಳುತ್ತವೆ.

ರಕ್ತವೊಂದನ್ನು ಬಿಟ್ಟು ಉಳಿದೆಲ್ಲದರ ಬಲ ಅಡಗಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಲ್ಲಿ. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲುಭಾಗಕ್ಕಿಂತ ಹೆಚ್ಚು ಪಾಲು ಇದರದೇ. ಮೂರು ಎಳೆಗಳನ್ನು ಒಟ್ಟಿಗೆ ಹುರಿಗೊಳಿಸಿದ ಹಗ್ಗದಂತಹ ಇದರ ರಚನೆಯನ್ನು 1954ರಲ್ಲಿ ಮದ್ರಾಸಿನಲ್ಲಿ ಮುಂದಿಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅದೇ ಸಂಸ್ಥೆಗೆ ಮರಳಿ ಅಣುಜೈವಿಕ ಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. ಸಂಶೋಧನೆಗೆ ಬೇಕಾದ ಕೊಲಾಜೆನ್ನಿಗಾಗಿ ಅವರು ಮದ್ರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವು ಪಡೆದರು. ಇದು ಆಕಸ್ಮಿಕವಲ್ಲ. ಹಸಿತೊಗಲಿನ ಕೂದಲು, ಮಾಂಸಗಳನ್ನು ತೆಗೆದು ಹದ ಮಾಡಿದಾಗ ಉಳಿಯುವುದು ಬಹುಪಾಲು ಕೊಲಾಜೆನ್ನೇ. ಮಾದಾರ ಚೆನ್ನಯ್ಯ, ಹರಳಯ್ಯ ಮೊದಲಾದ ಶರಣರು ತಮ್ಮ ಕಾಯಕದಲ್ಲಿ ನಿತ್ಯ ಕೈಯಾಡಿಸಿದ ವಸ್ತು ಇದೇ. ಕೆರದ ಅಟ್ಟೆ ವರ್ಷಗಟ್ಟಲೆ ಬಾಳುವುದನ್ನು ಕಂಡವರಿಗೆ ಈ ಎಳೆಯ ಗಟ್ಟಿತನವನ್ನು ಬೇರೆ ಹೇಳಬೇಕಾಗಿಲ್ಲ.

ಈ ಹುರಿ ಬಿಗಿಯಾಗಲು ಸಿ ಜೀವಸತ್ವ ಬೇಕೇ ಬೇಕು. ಅದಿಲ್ಲದಿದ್ದರೆ ಎಳೆಗಳು ಸೇರಿದರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಹಸಿ ತರಕಾರಿ, ಹಣ್ಣು ಕಾಣದೆ ಹಡಗಿನಲ್ಲಿ ಸಾಗುತ್ತಿದ್ದ ನಾವಿಕರ ಒಸಡು ಕೊಳೆತು, ಹಲ್ಲು ಅಲುಗಿ, ವಾಸಿಯಾಗಿದ್ದ ಹಳೆಯ ಗಾಯಗಳೂ ಬಿಚ್ಚಿಕೊಳ್ಳುತ್ತಿದ್ದುದು ಇದೇ ಕಾರಣದಿಂದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾ ವೈದ್ಯ ಇಂತಹ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಔಷಧ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ನಮ್ಮ ಊಟದಲ್ಲಿ ರೊಟ್ಟಿಯ ಬದಿಗೆ ಹಸಿ ತಪ್ಪಲು, ನಿಂಬೆಹೋಳು ಇಡುವ ಪದ್ಧತಿ ಇದೆಯಲ್ಲ, ಅದನ್ನು ಬಿಡದಿರುವುದು ಜಾಣತನ. ನೆಲ್ಲಿಕಾಯಿ, ಪೇರಲಹಣ್ಣು, ನುಗ್ಗೆಸೊಪ್ಪು ಇವೂ ಸಿ ಜೀವಸತ್ವದ ಆಗರಗಳೇ. ಕುದಿಸಿದರೆ ಈ ಸತ್ವ ನಾಶವಾಗುತ್ತದೆ; ಆದ್ದರಿಂದ ಸಾರಿಗೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು.

ಇಲ್ಲಿ ಸಸ್ಯಾಹಾರಿಗಳಾದ ಭಕ್ತರು ಗಮನಿಸಬೇಕಾದ ಒಂದು ಸಂಗತಿಯುಂಟು. ಕೀಲುನೋವಿಗೆ, ಚರ್ಮದ ಕಾಂತಿಗೆ ಎಂದು ಕೊಲಾಜೆನ್ ಪುಡಿಗಳು ಅಂಗಡಿಗಳಲ್ಲಿ ಬಂದಿವೆ. ಸಸ್ಯಗಳಲ್ಲಿ ಕೊಲಾಜೆನ್ ಇಲ್ಲವೇ ಇಲ್ಲ. ಈ ಪುಡಿಗಳನ್ನು ಸಾಮಾನ್ಯವಾಗಿ ದನದ ತೊಗಲು, ಮೂಳೆ ಅಥವಾ ಮೀನಿನಿಂದ ತೆಗೆಯುತ್ತಾರೆ. ಕೀಲುನೋವಿಗೆ ಮಾರುವ ಗ್ಲುಕೋಸಮೈನ್ ಎಂಬ ಗುಳಿಗೆಯ ಮೂಲವೂ ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪು. ನುಂಗಿದ ಕೊಲಾಜೆನ್ ಇದ್ದಂತೆಯೇ ಹೋಗಿ ಮೊಣಕಾಲಿನಲ್ಲಿ ಕೂರುವುದೂ ಇಲ್ಲ. ಜಠರದಲ್ಲಿ ಅದು ಬೇರಾವ ಪ್ರೋಟೀನಿನಂತೆಯೇ ಚೂರುಚೂರಾಗುತ್ತದೆ. ಬೇಳೆ, ಹೆಸರು, ಮಡಕಿ, ಶೇಂಗಾ, ಹಾಲು, ಮೊಸರುಗಳನ್ನು ಸಾಕಷ್ಟು ಉಂಡರೆ ದೇಹ ತನಗೆ ಬೇಕಾದ ಕೊಲಾಜೆನ್ನನ್ನು ತಾನೇ ನೇಯ್ದುಕೊಳ್ಳಬಲ್ಲದು. ಸಾವಿರಾರು ರೂಪಾಯಿಯ ಡಬ್ಬಿಗಿಂತ ಒಂದು ಬಟ್ಟಲು ಮೊಳಕೆಕಾಳು ಮೇಲೆಂಬುದು ನಮ್ಮ ಅಭಿಪ್ರಾಯ. ಔಷಧಗಳ ಕ್ಯಾಪ್ಸೂಲಿನ ಹೊರಚಿಪ್ಪು ಕೂಡ ಅನೇಕವೇಳೆ ಪ್ರಾಣಿಜನ್ಯ ಜೆಲಟಿನ್ನಿನದು. ಆದರೆ ಆ ಕಾರಣಕ್ಕೆ ವೈದ್ಯರು ಬರೆದ ಔಷಧವನ್ನು ಹೇಳದೆ ಕೇಳದೆ ನಿಲ್ಲಿಸಬಾರದು. ಸಂಕೋಚವಿಲ್ಲದೆ ಕೇಳಿದರೆ ಅದೇ ಔಷಧ ಗುಳಿಗೆಯ ರೂಪದಲ್ಲಿ ಸಿಗುವುದುಂಟು.

ಸಡಿಲ ಬಗೆಯ ಅಂಗಾಂಶಗಳನ್ನು ಕುರಿತು ಇಲ್ಲಿ ಹೆಚ್ಚು ಹೇಳುವುದಿಲ್ಲ. ಚರ್ಮವನ್ನು ಚಿವುಟಿದಾಗ ಅದು ಮಾಂಸದಿಂದ ಬೇರ್ಪಟ್ಟು ಸರಿದಾಡುತ್ತದಲ್ಲವೆ, ಆ ಸರಿದಾಟಕ್ಕೆ ಎಡೆಮಾಡುವುದು ಈ ಅಂಗಾಂಶ. ಕೊಬ್ಬೂ ಇದೇ ಜಾತಿಗೆ ಸೇರಿದ್ದು. ಅದು ಮೆತ್ತೆಯಾಗಿ, ಕಂಬಳಿಯಾಗಿ, ಕಣಜವಾಗಿ ಉಪಕಾರಿಯೇ. ಹೊಟ್ಟೆಯ ಸುತ್ತ ಶೇಖರವಾದಾಗ ಮಾತ್ರ ಅಪಕಾರಿ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಬಾರದೆಂಬುದು ಭಾರತೀಯರಿಗೆ ಹೇಳಿರುವ ಮಿತಿ.

ಪಾದಯಾತ್ರೆಯ ಹಗ್ಗಗಳು

ಸ್ನಾಯುವನ್ನು ಮೂಳೆಗೆ ಬಿಗಿಯುವುದು ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಬಿಗಿಯುವುದು ಅಸ್ಥಿರಜ್ಜು. ಹಿಮ್ಮಡಿಯ ಮೇಲ್ಗಡೆ ಬೆರಳಿಗೆ ಸಿಗುವ ದಪ್ಪ ಹುರಿಯೇ ದೇಹದ ಅತಿ ದೊಡ್ಡ ಸ್ನಾಯುರಜ್ಜು. ಇವೆರಡಕ್ಕೂ ರಕ್ತದ ಪೂರೈಕೆ ಕಡಿಮೆ, ಆದ್ದರಿಂದ ದುರಸ್ತಿಯೂ ನಿಧಾನ. ಸ್ನಾಯುವಿಗೆ ಆದ ಸಣ್ಣ ಪೆಟ್ಟು ಕೆಲವು ವಾರಗಳಲ್ಲಿ ಮಾಯ್ದರೆ, ಹರಿದ ರಜ್ಜು ಮೊದಲಿನ ಬಲಕ್ಕೆ ಬರಲು ತಿಂಗಳುಗಳೇ ಬೇಕು.

ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಊರೂರುಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರಲ್ಲಿ ಕಾಣುವ ತೊಂದರೆಗಳ ಮೂಲ ಬಹುಪಾಲು ಇಲ್ಲಿದೆ. ವರ್ಷವಿಡೀ ಅಂಗಡಿಯಲ್ಲೋ ಕಚೇರಿಯಲ್ಲೋ ಕುಳಿತವರು ಒಮ್ಮೆಲೇ ದಿನಕ್ಕೆ ಮೂವತ್ತು ನಾಲ್ವತ್ತು ಕಿಲೋಮೀಟರ್ ನಡೆಯಲು ತೊಡಗಿದಾಗ ಸ್ನಾಯುಗಳು ಹೇಗೋ ಒಗ್ಗಿಕೊಳ್ಳುತ್ತವೆ, ರಜ್ಜುಗಳು ಒಗ್ಗುವುದಿಲ್ಲ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲೂರಿದ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಅಡಿ ಮುಳ್ಳು ಚುಚ್ಚಿದಂತಾದರೆ ಅಂಗಾಲಿನ ಗಟ್ಟಿ ತಂತುಪಟ್ಟಿಗೆ ಪೆಟ್ಟಾಗಿದೆಯೆಂದು ತಿಳಿಯಬೇಕು. ಹೊರಡುವ ದಿನಕ್ಕೆ ಎರಡು ತಿಂಗಳ ಮೊದಲೇ ದಿನವೂ ನಡೆಯಲು ಆರಂಭಿಸಿ, ವಾರ ವಾರಕ್ಕೆ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದೊಂದೇ ಇದಕ್ಕೆ ಸರಿಯಾದ ಸಿದ್ಧತೆ. ಗೋಡೆಗೆ ಕೈಕೊಟ್ಟು ನಿಂತು, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡವನ್ನು ಅರ್ಧ ನಿಮಿಷ ಎಳೆದು ನಿಲ್ಲುವ ಅಭ್ಯಾಸವೂ ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಬರಿಗಾಲಿನ ಹರಕೆ ಹೊರಬಾರದು. ಮುಳ್ಳು ಹೊಕ್ಕಿದ್ದೂ ಅವರಿಗೆ ತಿಳಿಯದು.

ಕಾಲು ಉಳುಕಿದಾಗ ಎಣ್ಣೆ ಹಚ್ಚಿ ಜಗ್ಗಿ ತಿಕ್ಕಿಸುವ ರೂಢಿ ಇನ್ನೂ ಹೋಗಿಲ್ಲ. ಮೊದಲ ಎರಡು ಮೂರು ದಿನ ಇದು ಕೂಡದು. ಹರಿದ ಎಳೆಗಳಿಂದ ರಕ್ತ ಇನ್ನಷ್ಟು ಜಿನುಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಪಟ್ಟಿ, ದಿಂಬಿನ ಮೇಲೆ ಎತ್ತರಿಸಿದ ಕಾಲು ಇಷ್ಟು ಸಾಕು. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಎಕ್ಸ್-ರೇ ತೆಗೆಸಬೇಕು. ಮೂಳೆ ಮುರಿದಿಲ್ಲವೆಂದು ತಿಳಿದ ಮೇಲೆ ನೋವು ತಾಳಿದಷ್ಟು ಕಾಲಾಡಿಸಲು ಬೇಗನೆ ಆರಂಭಿಸಬೇಕು. ಎಳೆತಕ್ಕೆ ಒಳಗಾದಾಗಲೇ ಹೊಸ ಎಳೆಗಳು ಸರಿಯಾದ ದಿಕ್ಕಿನಲ್ಲಿ ಸಾಲುಗೂಡುತ್ತವೆ. ಅಲುಗದಿದ್ದರೆ ಗೋಜಲಾಗಿ ಬೆಳೆಯುತ್ತವೆ.

ಇನ್ನು ಶರಣಾರ್ಥಿಯ ವಿಷಯ. ಎರಡು ಕೈಗಳನ್ನು ಎದೆಯ ಮುಂದೆ ಜೋಡಿಸಿ, ಮೊಣಕೈಗಳನ್ನು ಮೇಲೆತ್ತಿ ನೋಡಿಕೊಳ್ಳಿರಿ. ಅಂಗೈ ಅಂಗೈಗೆ, ಬೆರಳು ಬೆರಳಿಗೆ ಸಂಪೂರ್ಣ ತಾಗುತ್ತವೆಯೆ? ಬಹುಕಾಲದಿಂದ ಮಧುಮೇಹವಿರುವ ಕೆಲವರಲ್ಲಿ ಬೆರಳುಗಳ ನಡುವೆ ಕಿಂಡಿ ಉಳಿಯುತ್ತದೆ. ವೈದ್ಯರು ಇದನ್ನು 'ಪ್ರೇಯರ್ ಸೈನ್', ಅಂದರೆ ಪ್ರಾರ್ಥನೆಯ ಗುರುತು ಎಂದೇ ಕರೆಯುತ್ತಾರೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದಾಗ ಅದು ಕೊಲಾಜೆನ್ ಎಳೆಗಳಿಗೆ ಅಂಟಿ ಒಂದನ್ನೊಂದು ಬೆಸೆದುಬಿಡುತ್ತದೆ. ನೂಲಿನ ಲಡಿಯ ಮೇಲೆ ಬೆಲ್ಲದ ಪಾಕ ಸುರಿದು ಒಣಗಿಸಿದಂತೆ. ಭುಜದ ಕೀಲಿನ ಚೀಲ ಬಿಗಿದುಕೊಂಡು ತೋಳು ಮೇಲೇಳದಾಗುವ ತೊಂದರೆ ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣುವುದುಂಟು. ನಮಸ್ಕರಿಸುವಾಗ ಇಂತಹ ಕಿಂಡಿ ಕಂಡವರು ಕಣ್ಣು ಮತ್ತು ಮೂತ್ರಪಿಂಡಗಳ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಕೈಯಲ್ಲಿ ಆದದ್ದು ಅಲ್ಲಿಯ ಸಣ್ಣ ರಕ್ತನಾಳಗಳಲ್ಲೂ ಆಗಿರುವ ಸಂಭವ ಹೆಚ್ಚು.

ರಕ್ತ ಮುಟ್ಟದ ಮೃದ್ವಸ್ಥಿ

ಆರಂಭದಲ್ಲಿ ಹೇಳಿದ ಮೊಣಕಾಲಿನ ಮಾತಿಗೆ ಈಗ ಬರೋಣ. ಕೀಲಿನೊಳಗೆ ಮೂಳೆಯ ತುದಿಗಳಿಗೆ ಕೆಲವೇ ಮಿಲಿಮೀಟರ್ ದಪ್ಪದ, ನುಣುಪಾದ, ಹೊಳೆಯುವ ಮೃದ್ವಸ್ಥಿಯ ಲೇಪವಿರುತ್ತದೆ. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಹಾಗಾದರೆ ಅದರೊಳಗಿನ ಜೀವಕೋಶಗಳಿಗೆ ಆಹಾರ ಬರುವುದೆಲ್ಲಿಂದ? ಕೀಲಿನೊಳಗಿನ ಜಿಗುಟು ದ್ರವದಿಂದ. ಕಾಲೂರಿದಾಗ ಮೃದ್ವಸ್ಥಿ ಒತ್ತಿಕೊಂಡು ತನ್ನೊಳಗಿನ ನೀರನ್ನು ಹೊರಬಿಡುತ್ತದೆ. ಕಾಲೆತ್ತಿದಾಗ ಉಬ್ಬಿ ಹೊಸ ದ್ರವವನ್ನು ಹೀರುತ್ತದೆ. ನೀರಿನಲ್ಲಿ ಅದ್ದಿ ಹಿಂಡಿ ಬಿಡುವ ಅರಿವೆಯಂತೆ. ಹೆಜ್ಜೆ ಹೆಜ್ಜೆಗೂ ನಡೆಯುವ ಈ ಒತ್ತು ಬಿಡುವಿನಿಂದ ಅದಕ್ಕೆ ಅನ್ನ ಸಲ್ಲುತ್ತದೆ. ನಡಿಗೆ ನಿಲ್ಲಿಸಿ ಮಂಚ ಹಿಡಿದರೆ ಮೃದ್ವಸ್ಥಿಗೆ ವಿಶ್ರಾಂತಿ ಸಿಕ್ಕಿತೆಂದು ನಾವು ತಿಳಿಯುತ್ತೇವೆ; ಅದು ಉಪವಾಸ ಬಿದ್ದಿರುತ್ತದೆ. ಜೊತೆಗೆ ತೊಡೆಯ ಸ್ನಾಯು ಕರಗುತ್ತದೆ, ಮೈತೂಕ ಏರುತ್ತದೆ, ಮತ್ತೆ ನಿಂತಾಗ ನೋವು ಇಮ್ಮಡಿಸುತ್ತದೆ.

ನರವಿಲ್ಲದ ಮೃದ್ವಸ್ಥಿ ತಾನಾಗಿ ನೋಯುವುದಿಲ್ಲ. ನೋವು ಹುಟ್ಟುವುದು ಅದರಡಿಯ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ರಜ್ಜುಗಳಲ್ಲಿ. ಆದುದರಿಂದಲೇ ಎಕ್ಸ್-ರೇಯಲ್ಲಿ ಬಹಳ ಸವೆತ ಕಂಡವರು ಆರಾಮವಾಗಿ ಓಡಾಡುವುದೂ, ಅಲ್ಪ ಸವೆತವಿದ್ದವರು ನರಳುವುದೂ ಉಂಟು. ಚಿತ್ರದಲ್ಲಿ ಕಂಡದ್ದೇ ಹಣೆಬರಹವಲ್ಲ.

ಮಾಡಬೇಕಾದುದು ಕಠಿಣವೇನಲ್ಲ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಮುಂದೆ ಚಾಚಿ, ತೊಡೆ ಬಿಗಿಹಿಡಿದು ಐದರಿಂದ ಹತ್ತು ಎಣಿಸುವತನಕ ನಿಲ್ಲಿಸಿ ಇಳಿಸಬೇಕು; ಕಾಲಿಗೆ ಹತ್ತು ಸಲ, ದಿನಕ್ಕೆರಡು ಬಾರಿ. ಸಮತಟ್ಟಾದ ನೆಲದ ಮೇಲೆ ನಿತ್ಯ ನಡೆಯಬೇಕು. ನಡೆಯುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಆ ನೋವು ಮರುದಿನವೂ ಉಳಿದರೆ ದೂರವನ್ನು ತಗ್ಗಿಸಬೇಕೇ ಹೊರತು ನಿಲ್ಲಿಸಬಾರದು. ಕೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಮ್ಮ ರೂಢಿ; ಮೊಣಕಾಲು ಗಟ್ಟಿಯಿದ್ದವರು ಅದನ್ನು ಬಿಡಬೇಕಾಗಿಲ್ಲ. ಆದರೆ ನೋವಿರುವ ಹಿರಿಯರು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿದರೆ ಅಪಚಾರವಾದೀತೆಂದು ಹಿಂಜರಿಯುವುದನ್ನು ಕಂಡಿದ್ದೇವೆ. ಇಷ್ಟಲಿಂಗ ಇರುವುದು ಅಂಗೈಯಲ್ಲಿ. ಕಾಲು ಮಡಚಲೇಬೇಕೆಂಬ ಷರತ್ತು ಅದಕ್ಕಿಲ್ಲವೆಂದು ನಾವು ತಿಳಿದಿದ್ದೇವೆ. ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ರೆ ಕೆಡುವಷ್ಟು ನೋವಿದ್ದರೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಅಂಜಬೇಕಾಗಿಲ್ಲ. ಆದರೆ ಕೈಬೆರಳುಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗಿನ ಬಿಗಿತ ಒಂದು ತಾಸಿಗೂ ಮಿಕ್ಕಿ ಇರುತ್ತಿದ್ದರೆ ಅದು ಸವೆತವಲ್ಲ, ಆಮವಾತವಿರಬಹುದು. ತಡಮಾಡದೆ ತಜ್ಞರನ್ನು ಕಾಣಬೇಕು. ಹೆಸರಿಲ್ಲದ ಪುಡಿಪೊಟ್ಟಣಗಳಿಗೆ ಮರುಳಾಗಬಾರದು. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ಅದು ಕಾಲಕ್ರಮದಲ್ಲಿ ಮೂಳೆಯನ್ನು ಟೊಳ್ಳಾಗಿಸುತ್ತದೆ.

ಕಿವಿಯ ಹಾಲೆಯ ಮೇಲ್ಭಾಗ, ಮೂಗಿನ ತುದಿ, ಶ್ವಾಸನಾಳದ ಉಂಗುರಗಳು ಸಹ ಮೃದ್ವಸ್ಥಿಯೇ. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಹೆಚ್ಚು ನಾರುಳ್ಳ ಬಗೆಯದು. ದಿನವೆಲ್ಲ ಭಾರ ಹೊತ್ತು ಅದು ತೆಳುವಾಗುವುದರಿಂದ ಸಂಜೆಗೆ ನಾವು ಬೆಳಗಿಗಿಂತ ಸುಮಾರು ಒಂದು ಸೆಂಟಿಮೀಟರ್ ಕುಳ್ಳಾಗಿರುತ್ತೇವೆ. ದಾಸೋಹದ ಮನೆಯಲ್ಲಿ ಅನ್ನದ ಕೊಪ್ಪರಿಗೆಯನ್ನು ಸೊಂಟ ಬಗ್ಗಿಸಿ ಒಬ್ಬರೇ ಎತ್ತುವ ಉತ್ಸಾಹಿ ತರುಣರಿಗೆ ಒಂದು ವಿನಂತಿ: ಇಬ್ಬರು ಹಿಡಿಯಿರಿ, ಮೊಣಕಾಲು ಬಗ್ಗಿಸಿ, ಪಾತ್ರೆಯನ್ನು ಮೈಗೆ ಹತ್ತಿರ ತಂದು ಎತ್ತಿರಿ.

ಮೂಳೆ, ನೀರು, ರಕ್ತ

ಮೂಳೆಯನ್ನು ಆರ್‌ಸಿಸಿ ಕಟ್ಟಡಕ್ಕೆ ಹೋಲಿಸಬಹುದು. ಕೊಲಾಜೆನ್ ಅದರ ಕಬ್ಬಿಣದ ಸರಳು. ಕ್ಯಾಲ್ಸಿಯಂ, ರಂಜಕಗಳ ಲವಣ ಅದರ ಕಾಂಕ್ರೀಟು. ವ್ಯತ್ಯಾಸವೆಂದರೆ ಈ ಕಟ್ಟಡವನ್ನು ಒಂದು ಬಗೆಯ ಜೀವಕೋಶಗಳು ಕೆಡಹುತ್ತಲೂ ಇನ್ನೊಂದು ಬಗೆಯವು ಕಟ್ಟುತ್ತಲೂ ಇರುತ್ತವೆ. ಸುಮಾರು ಹತ್ತು ವರ್ಷಗಳಲ್ಲಿ ಅಸ್ಥಿಪಂಜರ ಬಹುಪಾಲು ಹೊಸದಾಗುತ್ತದೆ. ಮೂವತ್ತರ ಸುಮಾರಿಗೆ ಮೂಳೆಯ ಸಂಪತ್ತು ತುಂಬಿ, ಮುಂದೆ ಮೆಲ್ಲನೆ ಇಳಿಯುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಈ ಇಳಿತ ತೀವ್ರ. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಜೋಳದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಜೋಳದ ರೊಟ್ಟಿಯ ಸೀಮೆಯವರು ವಾರಕ್ಕೆ ಕೆಲವು ದಿನವಾದರೂ ರಾಗಿ ಅಂಬಲಿ ರೂಢಿಸಿಕೊಂಡರೆ ಲಾಭವುಂಟು. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳನ್ನು ಉಳಿದ ತಿಂಗಳುಗಳಲ್ಲೂ ಮರೆಯದಿರಬಹುದು. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವಿಲ್ಲದೆ ಉಂಡ ಕ್ಯಾಲ್ಸಿಯಂ ಮೈಗೆ ಹತ್ತದು.

ನಮ್ಮ ಬಯಲುಸೀಮೆಗೆ ವಿಶೇಷವಾದ ಇನ್ನೊಂದು ಗಂಡಾಂತರ ಫ್ಲೋರೈಡ್. ಮುಂಡರಗಿ, ಪಾವಗಡ, ಬಾಗೇಪಲ್ಲಿ ಮೊದಲಾದ ತಾಲ್ಲೂಕುಗಳ ಕೊಳವೆಬಾವಿಗಳ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಅನೇಕ ಕಡೆ ಮೀರಿದೆ. ಇದರಿಂದ ಮೂಳೆಗೆ ಆಗುವ ರೋಗವನ್ನು ಭಾರತದಲ್ಲಿ ಮೊದಲಿಗೆ ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಕಾಣುವುದು ಮೊದಲ ಸೂಚನೆ. ವರ್ಷಗಳು ಕಳೆದಂತೆ ಮೂಳೆ ಬಿರುಸಾಗಿ, ಬಾಗಬೇಕಾದ ಅಸ್ಥಿರಜ್ಜುಗಳಲ್ಲೂ ಸುಣ್ಣ ತುಂಬಿ, ಕುತ್ತಿಗೆ ಬೆನ್ನುಗಳು ಮರದಂತೆ ಸೆಟೆಯುತ್ತವೆ. ಇಂತಹ ಬೆನ್ನನ್ನು ಮರಳಿ ಬಾಗಿಸುವ ಔಷಧವಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು, ಶುದ್ಧ ನೀರಿನ ಘಟಕದ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲದೆ ಅಡುಗೆಗೂ ಬಳಸುವುದು, ಸಾಧ್ಯವಿದ್ದಲ್ಲಿ ಮಳೆನೀರು ಹಿಡಿಯುವುದು ಇವೇ ಉಪಾಯಗಳು. ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯಿತಿಯನ್ನು ಬೆನ್ನುಹತ್ತಿ ದುರಸ್ತಿ ಮಾಡಿಸುವುದೂ ಒಂದು ಸೇವೆಯೇ.

ಇನ್ನುಳಿದದ್ದು ಮೂಳೆಯ ಮಜ್ಜೆಯಲ್ಲಿ ಹುಟ್ಟುವ ರಕ್ತ. ವಯಸ್ಕರಲ್ಲಿ ಸುಮಾರು ಐದು ಲೀಟರ್. ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಹೊಸ ಕಣಗಳಿಗೆ ಕಬ್ಬಿಣಾಂಶದೊಡನೆ ಬಿ12 ಜೀವಸತ್ವವೂ ಬೇಕು. ಅದು ಸಸ್ಯಾಹಾರದಲ್ಲಿ ಹಾಲು, ಮೊಸರುಗಳಿಂದ ಮಾತ್ರ ಒದಗುವುದರಿಂದ ಮಜ್ಜಿಗೆಯನ್ನೂ ಬಿಟ್ಟ ವೃದ್ಧರಲ್ಲಿ ಕೊರತೆ ಸಾಮಾನ್ಯ. ಅಂಗಾಲು ಜುಮ್ಮೆನ್ನುವುದು, ನಿಶ್ಶಕ್ತಿ, ಮರೆವು ಕಂಡರೆ ಪರೀಕ್ಷಿಸಿಕೊಳ್ಳಬೇಕು. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಸೇರದು. ಒಂದು ತಾಸು ಬಿಡುವಿರಲಿ. ಜಾತ್ರೆಯ ಸಂದರ್ಭದಲ್ಲಿ ನಡೆಯುವ ರಕ್ತದಾನ ಶಿಬಿರಗಳಲ್ಲಿ 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ ಆರೋಗ್ಯವಂತರು ಪಾಲ್ಗೊಳ್ಳಬಹುದು. ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆಯಿರಬಾರದು. ಒಮ್ಮೆ ಕೊಟ್ಟ ಮೇಲೆ ಪುರುಷರು ಮೂರು ತಿಂಗಳು, ಮಹಿಳೆಯರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ಬರುವ ದಿನ ಉಪವಾಸ ಬೇಡ. ಪ್ರಸಾದ ಸ್ವೀಕರಿಸಿ, ನೀರು ಕುಡಿದೇ ಬರಬೇಕು.